ಪಾಲು ಇಳಿದರೆ ಕೃಷಿಯ ತೂಕ ಇಳಿಯಿತೇ?

ಪ್ರಶ್ನೆ: ನಮ್ಮದು ಬೇಸಾಯದ ಮನೆತನ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ದೇಶಗಳು ಮುಂದುವರಿದಂತೆಲ್ಲ ರಾಷ್ಟ್ರೀಯ ಆದಾಯದಲ್ಲಿ ಕೃಷಿಯ ಪಾಲು ಕಡಿಮೆಯಾಗುತ್ತಾ ಹೋಗುತ್ತದೆ ಎಂದು ಪಠ್ಯದಲ್ಲಿದೆ. ಶ್ರೀಮಂತ ದೇಶಗಳಲ್ಲಂತೂ ಅದು ಶೇ. 1–2ಕ್ಕೆ ಇಳಿದಿದೆಯಂತೆ. ಹಾಗಿದ್ದರೆ ಕೃಷಿ ದೇಶದ ಬೆನ್ನೆಲುಬು ಎನ್ನುವುದು ಬರಿಯ ಬಾಯಿಮಾತೇ? ಇಷ್ಟು ಸಣ್ಣ ವಲಯಕ್ಕೆ ಸರ್ಕಾರಗಳು ಅಷ್ಟೊಂದು ಹಣ ಸುರಿಯುವುದೇಕೆ? ಕಳೆದ ವರ್ಷ ನನ್ನ ಅಣ್ಣ ಹೊಲ ಬಿಟ್ಟು ಕಾರ್ಖಾನೆ ಸೇರಿದ. ಮನೆಯಲ್ಲಿ ಎಲ್ಲರಿಗೂ ಬೇಸರ. ದೇಶದ ಲೆಕ್ಕದಲ್ಲಿ ಇದು ಲಾಭವೋ, ನಷ್ಟವೋ?

ಉತ್ತರ: ನಿಮ್ಮ ಅಣ್ಣನ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೃಷಿ ಅರ್ಥಶಾಸ್ತ್ರದ ಬಹು ದೊಡ್ಡ ವಾಗ್ವಾದವೊಂದು ಅದೇ ಪ್ರಶ್ನೆಯ ಸುತ್ತ ನಡೆದಿದೆ. ಅಲ್ಲಿಗೆ ಬರುವ ಮುನ್ನ ಪಾಲು ಏಕೆ ಇಳಿಯುತ್ತದೆ ಎಂಬುದು ತಿಳಿಯಾಗಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೃಷಿಯ ಪಾಲು ಇಳಿಯಲು ಎರಡು ದಾರಿಗಳಿವೆ. ಕೃಷಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿ, ಉಳಿದ ವಲಯಗಳಿಗೆ ಅನ್ನ, ಆಳು, ಬಂಡವಾಳ ಒದಗಿಸಿ ಬೆಳೆಸಿದಾಗ ಪಾಲು ಇಳಿಯುತ್ತದೆ. ಕೃಷಿಯನ್ನು ಕಡೆಗಣಿಸಿ ಸೊರಗಿಸಿದಾಗಲೂ ಇಳಿಯುತ್ತದೆ. ಶೇಕಡಾವಾರು ಅಂಕಿ ಮಾತ್ರ ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಮೊದಲನೆಯ ದಾರಿಯಲ್ಲಿ ಇಳಿದ ದೇಶಗಳು ಶ್ರೀಮಂತವಾದವು. ಎರಡನೆಯ ದಾರಿಯಲ್ಲಿ ಇಳಿದ ದೇಶಗಳು ಊಟಕ್ಕೂ ಹೊರಗಿನವರ ಮುಖ ನೋಡುವಂತಾಯಿತು. ನಿಮ್ಮ ಪಠ್ಯ ಈ ವ್ಯತ್ಯಾಸವನ್ನು ಹೇಳಿರದಿದ್ದರೆ ಅರ್ಧ ಪಾಠವಷ್ಟೇ ಆಗಿದೆ.

ಪಾಲು ಇಳಿಯುವುದರ ಮೂಲ ಹೊಟ್ಟೆಯಲ್ಲಿದೆ. ಆದಾಯ ಎರಡು ಪಟ್ಟಾದವನು ಎರಡು ಪಟ್ಟು ಉಣ್ಣಲಾರ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂ ದೇಶದ ದುಡಿಯುವ ಕುಟುಂಬಗಳ ಖರ್ಚಿನ ಲೆಕ್ಕ ಹರವಿಕೊಂಡು ಕುಳಿತಾಗ ಕಂಡದ್ದು ಇದೇ: ಕುಟುಂಬ ಬಡವಾದಷ್ಟೂ ಆದಾಯದ ದೊಡ್ಡ ಭಾಗ ಆಹಾರಕ್ಕೆ ಹೋಗುತ್ತದೆ, ಸ್ಥಿತಿವಂತವಾದಷ್ಟೂ ಆ ಭಾಗ ಸಣ್ಣದಾಗುತ್ತದೆ. ಅರ್ಥಶಾಸ್ತ್ರದಲ್ಲಿ ಕಾಲ, ದೇಶ ಯಾವುದನ್ನೂ ಲೆಕ್ಕಿಸದೆ ನಿಂತಿರುವ ನಿಯಮಗಳು ಬೆರಳೆಣಿಕೆಯಷ್ಟು. ಇದು ಅವುಗಳಲ್ಲಿ ಒಂದು. ಜನರ ಆದಾಯ ಬೆಳೆದಂತೆ ಅವರ ಹಣ ಬಟ್ಟೆ, ಮನೆ, ವಾಹನ, ಶಿಕ್ಷಣ, ಚಿಕಿತ್ಸೆಗಳ ಕಡೆ ಹರಿಯುತ್ತದೆ. ಆ ವಲಯಗಳು ಉಬ್ಬುತ್ತವೆ. ಕೃಷಿ ತಾನೂ ಬೆಳೆಯುತ್ತಿದ್ದರೂ ಅವುಗಳಷ್ಟು ವೇಗವಾಗಿ ಬೆಳೆಯಲಾರದು. ಇಂದು ಜಗತ್ತಿನ ಒಟ್ಟು ಉತ್ಪನ್ನದಲ್ಲಿ ಕೃಷಿಯ ಪಾಲು ಸುಮಾರು ಶೇ. 4. ಜಗತ್ತಿನ ದುಡಿಯುವ ಕೈಗಳಲ್ಲಿ ಮಾತ್ರ ಕಾಲು ಭಾಗ ಇನ್ನೂ ಕೃಷಿಯಲ್ಲೇ ಇವೆ. ಈ 4 ಮತ್ತು 25ರ ನಡುವಿನ ಅಂತರವನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಆ ಶೇ. 4 ಎನ್ನುವುದು ಏನನ್ನು ಎಣಿಸುತ್ತದೆ? ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಒಂದು ಹತ್ತಿ ಅಂಗಿಯನ್ನು ಮೇಜಿನ ಮೇಲಿಟ್ಟು ಪಾಠ ಶುರು ಮಾಡುತ್ತೇನೆ. ಇದರಲ್ಲಿ ಕೃಷಿ ಎಷ್ಟು ಎಂದು ಕೇಳುತ್ತೇನೆ. ಬಟ್ಟೆಯೆಲ್ಲ ಹತ್ತಿಯೇ ಆದ್ದರಿಂದ ಬಹುಪಾಲು ಎಂದು ಉತ್ತರ ಬರುತ್ತದೆ. ಆಮೇಲೆ ಲೆಕ್ಕ ಬಿಡಿಸುತ್ತೇವೆ. ರೈತ ಹತ್ತಿಯನ್ನು 100ಕ್ಕೆ ಮಾರಿದ ಎನ್ನೋಣ, ನಾಣ್ಯ ಯಾವುದಾದರೂ ಇರಲಿ. ಬೀಜ, ಗೊಬ್ಬರ, ಔಷಧ, ಡೀಸೆಲ್ ಎಂದು ಅವನು 45 ಕೊಟ್ಟಿದ್ದರೆ ಕೃಷಿಯ ಖಾತೆಗೆ ಉಳಿಯುವುದು 55 ಮಾತ್ರ. ಗೊಬ್ಬರ ತಯಾರಿಸಿದ್ದು ಕೈಗಾರಿಕೆಯ ಖಾತೆಗೆ, ಅದನ್ನು ಸಾಗಿಸಿದ್ದು ಸಾರಿಗೆಯ ಖಾತೆಗೆ, ಬೆಳೆಸಾಲದ ಬಡ್ಡಿ ಬ್ಯಾಂಕಿನ ಖಾತೆಗೆ. ಹತ್ತಿ ಹೊಲ ದಾಟಿದ ಮೇಲೆ ಬೀಜ ಬೇರ್ಪಡಿಸುವ ಜಿನ್ನಿಂಗ್, ನೂಲುವ ಗಿರಣಿ, ಮಗ್ಗ, ಬಣ್ಣ, ಹೊಲಿಗೆ, ಅಂಗಡಿ ಇವುಗಳ ಗಳಿಕೆಯೆಲ್ಲ ಬೇರೆ ಬೇರೆ ವಲಯಗಳಿಗೆ ಸೇರುತ್ತದೆ. ಅಂಗಿಯ ಮಾರಾಟ ಬೆಲೆಯಲ್ಲಿ ಹೊಲದ ಪಾಲು ಕೊನೆಗೆ ಒಂದು ಗುಂಡಿಯಷ್ಟು ಉಳಿಯುತ್ತದೆ. ಆದರೆ ಹೊಲದಲ್ಲಿ ಹತ್ತಿ ಬೆಳೆಯದಿದ್ದರೆ ಈ ಸಾಲಿನಲ್ಲಿ ಒಬ್ಬನಿಗೂ ಕೆಲಸವಿರುವುದಿಲ್ಲ.

ಲೆಕ್ಕದ ಈ ಪದ್ಧತಿಯಲ್ಲಿ ತಪ್ಪೇನಿಲ್ಲ, ಒಂದೇ ಮೌಲ್ಯವನ್ನು ಎರಡು ಸಲ ಎಣಿಸಬಾರದಲ್ಲ. ಅಂಕಿಯನ್ನು ಓದುವಾಗ ಮಾತ್ರ ಇದು ತಿಳಿದಿರಬೇಕು. ಅಮೆರಿಕದಲ್ಲಿ ಹೊಲಗಳ ಉತ್ಪಾದನೆ ಒಟ್ಟು ದೇಶೀಯ ಉತ್ಪನ್ನದ ಶೇ. 1ರಷ್ಟೂ ಇಲ್ಲ. ಅದಕ್ಕೆ ಆಹಾರ ಸಂಸ್ಕರಣೆ, ಹೋಟೆಲು, ದಿನಸಿ ವ್ಯಾಪಾರ ಮುಂತಾದ ಅವಲಂಬಿತ ಉದ್ಯಮಗಳನ್ನು ಸೇರಿಸಿದರೆ ಅದು ಶೇ. 5ನ್ನು ದಾಟುತ್ತದೆ, ಉದ್ಯೋಗದಲ್ಲಿ ಸರಿಸುಮಾರು ಹತ್ತರಲ್ಲಿ ಒಂದು ಈ ಸರಪಳಿಗೆ ಸೇರಿದ್ದಾಗಿರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಕೃಷಿಯ ಪಾಲು ಶೇ. 2ಕ್ಕಿಂತ ಕಡಿಮೆ. ಅದೇ ಪುಟ್ಟ ದೇಶ ಕೃಷಿ ಉತ್ಪನ್ನಗಳ ರಫ್ತು ಮೌಲ್ಯದಲ್ಲಿ ಬಹುಕಾಲ ಅಮೆರಿಕದ ನಂತರದ ಸ್ಥಾನದಲ್ಲಿ ನಿಂತಿತ್ತು.

ಇನ್ನು ಬೆನ್ನೆಲುಬು ಎಂಬ ಮಾತಿಗೆ ಬರೋಣ. ಅತಿ ಬಳಕೆಯಿಂದ ಸವೆದುಹೋದ ಮಾತು ಅದು. ಆದರೂ ಕೃಷಿ ಒಂದು ದೇಶದ ಆರ್ಥಿಕತೆಯಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಖಚಿತವಾದ ಉತ್ತರಗಳಿವೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಹಾರದ ಬೆಲೆ. ಆಹಾರಕ್ಕೆ ಬೇಡಿಕೆ ಜಗ್ಗುವುದಿಲ್ಲ. ಬಟ್ಟೆಯ ಬೆಲೆ ಏರಿದರೆ ಖರೀದಿಯನ್ನು ಮುಂದಕ್ಕೆ ಹಾಕಬಹುದು, ಊಟವನ್ನು ಹಾಕಲಾಗದು. ಹಾಗಾಗಿ ಸ್ವಲ್ಪ ಕೊರತೆಗೂ ಬೆಲೆ ಜಿಗಿಯುತ್ತದೆ. ಇಂಗ್ಲೆಂಡಿನ ಗ್ರೆಗರಿ ಕಿಂಗ್ ಹೆಸರಿನಲ್ಲಿ ಒಂದು ಹಳೆಯ ಕೋಷ್ಟಕವಿದೆ. 1699ರಲ್ಲಿ ಚಾರ್ಲ್ಸ್ ಡ್ಯಾವನೆಂಟ್ ಅದನ್ನು ಪ್ರಕಟಿಸಿದ. ಧಾನ್ಯದ ಬೆಳೆ ಹತ್ತನೇ ಒಂದು ಭಾಗ ಕಡಿಮೆಯಾದರೆ ಬೆಲೆ ಹತ್ತನೇ ಮೂರು ಭಾಗ ಏರುತ್ತದೆ. ಹತ್ತನೇ ಎರಡು ಭಾಗ ಕಡಿಮೆಯಾದರೆ ಹತ್ತನೇ ಎಂಟು ಭಾಗ ಏರುತ್ತದೆ. ಬೆಳೆ ಅರ್ಧಕ್ಕೆ ಇಳಿದರೆ ಬೆಲೆ ಐದೂವರೆ ಪಟ್ಟಾಗುತ್ತದೆ. ಈ ನಿಖರ ಅಂಕಿಗಳು ಇಂದಿಗೆ ಹೊಂದದಿದ್ದರೂ ಆ ರೇಖೆಯ ಆಕಾರ ಹಾಗೆಯೇ ಇದೆ. ಶೇ. 4ರ ವಲಯದಲ್ಲಿ ಹತ್ತನೇ ಒಂದು ಭಾಗದ ಕೊರತೆ ಎಂದರೆ ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಶೇ. 0.4, ಕಣ್ಣಿಗೂ ಬೀಳದಷ್ಟು. ಅದೇ ಕೊರತೆ ಬಡ ಕುಟುಂಬದ ಅಡುಗೆಮನೆಗೆ ಬಂದಾಗ ಅರ್ಧ ಸಂಬಳವನ್ನು ನುಂಗುತ್ತದೆ. ಕೂಲಿ ಏರಿಸಿ ಎಂಬ ಒತ್ತಾಯ ಹುಟ್ಟುತ್ತದೆ, ಕಾರ್ಖಾನೆಯ ವೆಚ್ಚ ಏರುತ್ತದೆ, ಹಣದುಬ್ಬರ ಹಿಡಿಯಲು ಬಡ್ಡಿ ಏರಿಸಬೇಕಾಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮರು ತಿಂಗಳೇ, ಅಂದರೆ ಮಾರ್ಚ್‌ನಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕ ಅಲ್ಲಿಯವರೆಗಿನ ದಾಖಲೆ ಮಟ್ಟ ಮುಟ್ಟಿತು. ಆ ಯುದ್ಧಭೂಮಿಯಿಂದ ಸಾವಿರಾರು ಮೈಲಿ ದೂರದ ದೇಶಗಳ ಬಜೆಟ್‌ಗಳು ಅದರಿಂದ ಅಲುಗಾಡಿದವು.

ಎರಡನೆಯ ದೊಡ್ಡ ಕೆಲಸ ಬಂಡವಾಳ ಒದಗಿಸುವುದು. ಕೈಗಾರಿಕೆಯೇ ಇಲ್ಲದ ದೇಶಕ್ಕೆ ಮೊದಲ ಕಾರ್ಖಾನೆಗೆ ಹಣ ಎಲ್ಲಿಂದ ಬರಬೇಕು? ಹೊಲದ ಮಿಗುತೆಯಿಂದಲೇ. ಆ ಮಿಗುತೆಯನ್ನು ಹೇಗೆ ಎತ್ತುತ್ತಾರೆ ಎಂಬುದರ ಮೇಲೆ ದೇಶಗಳ ಹಣೆಬರಹ ನಿಂತಿದೆ ಎಂದರೆ ಅತಿಶಯವಾಗದು. ಜಪಾನ್ 1873ರಲ್ಲಿ ಭೂತೆರಿಗೆಯನ್ನು ಬದಲಿಸಿತು. ಬೆಳೆಯಲ್ಲಿ ಪಾಲು ಕೇಳುವ ಹಳೆಯ ಪದ್ಧತಿ ಬಿಟ್ಟು ಜಮೀನಿನ ಮೌಲ್ಯದ ಶೇ. 3ರಷ್ಟನ್ನು ನಗದಾಗಿ ಕಟ್ಟಬೇಕೆಂದು ವಿಧಿಸಿತು. ರೈತರು ದಂಗೆ ಎದ್ದ ಮೇಲೆ 1877ರಲ್ಲಿ ಅದನ್ನು ಶೇ. 2.5ಕ್ಕೆ ಇಳಿಸಿತು. ಆ ಆರಂಭದ ವರ್ಷಗಳಲ್ಲಿ ಸರ್ಕಾರದ ತೆರಿಗೆ ಆದಾಯದ ಬಹುಪಾಲು ಇದರಿಂದಲೇ ಬರುತ್ತಿತ್ತು. ರೈಲು, ಶಾಲೆ, ಹಡಗುಕಟ್ಟೆ, ಸೈನ್ಯ ಎಲ್ಲದಕ್ಕೂ ಹಣ ಕೊಟ್ಟವನು ಭತ್ತ ಬೆಳೆಯುವವನು. ತೆರಿಗೆ ಭಾರವಾಗಿಯೇ ಇತ್ತು. ಆದರೆ ತೆರಿಗೆ ಬೆಳೆಯ ಮೇಲೆ ಇರದೆ ಜಮೀನಿನ ಮೌಲ್ಯದ ಮೇಲೆ ಇದ್ದುದರಿಂದ ಹೆಚ್ಚು ಬೆಳೆದವನಿಗೆ ಹೆಚ್ಚಿದ್ದು ತನ್ನ ಕೈಗೇ ಸಿಕ್ಕಿತು. ಜೊತೆಗೆ ಸರ್ಕಾರ ನುರಿತ ಹಿರಿಯ ರೈತರನ್ನೇ ಆರಿಸಿ ಊರೂರಿಗೆ ಕಳಿಸಿ ಒಳ್ಳೆಯ ತಳಿ, ನಾಟಿ, ಗೊಬ್ಬರದ ವಿದ್ಯೆ ಹರಡಿಸಿತು.

ತೈವಾನ್ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಬೆಳೆಯ ಅರ್ಧ, ಕೆಲವೆಡೆ ಅದಕ್ಕೂ ಹೆಚ್ಚು ಭಾಗವನ್ನು ಜಮೀನ್ದಾರ ಗೇಣಿಯಾಗಿ ಒಯ್ಯುತ್ತಿದ್ದ. 1949ರಲ್ಲಿ ಗೇಣಿಗೆ ಶೇ. 37.5ರ ಮಿತಿ ಹಾಕಿದರು. 1953ರಲ್ಲಿ ಉಳುವವನಿಗೇ ಭೂಮಿ ಕೊಟ್ಟರು. ಇಳುವರಿ ಏರಿತು. ಆಮೇಲೆ ಸರ್ಕಾರ ಅದರಲ್ಲಿ ತನ್ನ ಪಾಲನ್ನು ಸದ್ದಿಲ್ಲದೆ ಎತ್ತಿತು: ರಸಗೊಬ್ಬರವನ್ನು ಸರ್ಕಾರವೇ ಮಾರುತ್ತಿತ್ತು, ಹಣ ಪಡೆಯದೆ ಅಕ್ಕಿ ಕೇಳುತ್ತಿತ್ತು, ವಿನಿಮಯದ ದರವನ್ನು ತನಗೆ ಅನುಕೂಲವಾಗುವಂತೆ ಇಟ್ಟುಕೊಂಡಿತ್ತು. ತೆರಿಗೆ ಎಂಬ ಹೆಸರಿಲ್ಲದ ತೆರಿಗೆ ಅದು. ಹೀಗೆ ಹೊಲದಿಂದ ಕಾರ್ಖಾನೆಗೆ ಹರಿದ ಬಂಡವಾಳವನ್ನು ಅಳೆದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು ಲೀ ಟೆಂಗ್-ಹುಯಿ. ಅವರೇ ಮುಂದೆ ತೈವಾನಿನ ಅಧ್ಯಕ್ಷರಾದರು. ಕೃಷಿ ಅರ್ಥಶಾಸ್ತ್ರಜ್ಞನೊಬ್ಬ ಅಧ್ಯಕ್ಷನಾದದ್ದು ನನ್ನಂಥವರಿಗೆ ಖುಷಿಯ ಸಂಗತಿ, ಇರಲಿ. ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಭೂಮಿ, ನೀರು, ಬೀಜ, ಗೊಬ್ಬರ ಕೊಟ್ಟು ಹಸುವನ್ನು ಸಾಕಿದರು, ಆಮೇಲೆ ಹಾಲು ಕರೆದರು.

ಸೋವಿಯತ್ ಒಕ್ಕೂಟದಲ್ಲಿ ಆದದ್ದು ಇದರ ತದ್ವಿರುದ್ಧ. 1929ರಿಂದ ರೈತರ ಭೂಮಿ, ದನಕರುಗಳನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ಸೇರಿಸಿದರು. ರೈತರು ತಮ್ಮ ದನಗಳನ್ನು ಒಪ್ಪಿಸುವ ಬದಲು ಕಡಿದು ತಿಂದರು. ಕಾರ್ಖಾನೆಯ ಯಂತ್ರಗಳನ್ನು ಕೊಳ್ಳಲು ಧಾನ್ಯ ರಫ್ತಾಗುತ್ತಲೇ ಇತ್ತು. 1932–33ರ ಬರಗಾಲದಲ್ಲಿ ಉಕ್ರೇನ್, ಕಜಾಕಸ್ತಾನಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಕಾರ್ಖಾನೆಗಳೇನೋ ಎದ್ದವು. ಹಿಂದೆ ಧಾನ್ಯ ಮಾರುತ್ತಿದ್ದ ಆ ನೆಲ ಮುಂದೆ 1970ರ ದಶಕದಲ್ಲಿ ಅಮೆರಿಕದಿಂದ ಧಾನ್ಯ ಕೊಳ್ಳುವ ಸ್ಥಿತಿಗೆ ಬಂತು.

ಚೀನಾವೂ ಅದೇ ತಪ್ಪು ಮಾಡಿ, 1959–61ರ ಭೀಕರ ಕ್ಷಾಮ ಕಂಡು, ಆಮೇಲೆ ಹಿಂದಿರುಗಿದ ದೇಶ. ಅದು ಹಿಂದಿರುಗಿದ ಬಗೆಯನ್ನು ಹತ್ತಿರದಿಂದ ನೋಡಬೇಕು. 1978ರ ಚಳಿಗಾಲ, ಅನ್‌ಹುಯಿ ಪ್ರಾಂತ್ಯದ ಷಿಯಾಗಾಂಗ್ ಎಂಬ ಹಳ್ಳಿ. ಊರ ಹೊಲಗಳನ್ನೆಲ್ಲ ಸಾಮೂಹಿಕವಾಗಿ ದುಡಿಸುವ ಕಮ್ಯೂನ್ ಪದ್ಧತಿಯಲ್ಲಿ ಎಷ್ಟು ದುಡಿದರೂ ಅಷ್ಟೇ ಕೂಲಿ, ಭಿಕ್ಷೆಗೆ ಹೊರಡುವಷ್ಟು ಬಡತನ. 18 ಮಂದಿ ರೈತರು ಗುಟ್ಟಾಗಿ ಒಂದು ಮನೆಯಲ್ಲಿ ಸೇರಿ ಒಂದು ಹಾಳೆಯ ಮೇಲೆ ಹೆಬ್ಬೆಟ್ಟು, ಮುದ್ರೆ ಒತ್ತಿದರು. ಹೊಲಗಳನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರಕ್ಕೆ ಕೊಡಬೇಕಾದಷ್ಟನ್ನು ಕೊಟ್ಟು ಮಿಕ್ಕಿದ್ದನ್ನು ತಾವೇ ಇಟ್ಟುಕೊಳ್ಳುವುದು ಎಂಬ ಒಪ್ಪಂದ ಅದು. ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಎಂಬ ಮಾತೂ ಅದರಲ್ಲಿತ್ತು. ಮರುವರ್ಷ ಕಣದಲ್ಲಿ ಬಿದ್ದ ಧಾನ್ಯದ ರಾಶಿಯೇ ಗುಟ್ಟನ್ನು ರಟ್ಟು ಮಾಡಿತು. ಶಿಕ್ಷಿಸುವ ಬದಲು ಸರ್ಕಾರ ಅದೇ ಪದ್ಧತಿಯನ್ನು ದೇಶಕ್ಕೆಲ್ಲ ಹರಡಿತು. ಚೀನಾದ ಧಾನ್ಯ ಉತ್ಪಾದನೆ 1978ರಲ್ಲಿ ಸುಮಾರು 30.5 ಕೋಟಿ ಟನ್ ಇದ್ದದ್ದು 1984ರಲ್ಲಿ 40.7 ಕೋಟಿ ಟನ್‌ಗೆ ಏರಿತು. ಜಗತ್ತಿಗೆಲ್ಲ ಸರಕು ಮಾಡಿಕೊಡುವ ಚೀನಾದ ಕಾರ್ಖಾನೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವುಗಳಿಗೆ ಆಳು ಬಂದದ್ದು, ಹಳ್ಳಿಯ ಸಣ್ಣ ಉದ್ದಿಮೆಗಳಿಗೆ ಮೊದಲ ಬಂಡವಾಳ ಮತ್ತು ಮೊದಲ ಗಿರಾಕಿ ಸಿಕ್ಕಿದ್ದು ಈ ಆರು ವರ್ಷಗಳ ಸುಗ್ಗಿಯಿಂದ ಎಂಬುದನ್ನು ಮರೆಯುತ್ತಾರೆ.

ಗಿರಾಕಿ ಎಂದೆನಲ್ಲ, ಅದು ಮೂರನೆಯ ಕೆಲಸ. ಬಹುಪಾಲು ಜನ ಹೊಲದಲ್ಲಿರುವ ದೇಶದಲ್ಲಿ ಅವರ ಕೈಯಲ್ಲಿ ದುಡ್ಡು ಆಡದಿದ್ದರೆ ಕಾರ್ಖಾನೆಯ ಸಾಬೂನು, ಸೈಕಲ್ಲುಗಳನ್ನು ಕೊಳ್ಳುವವರು ಯಾರು? ಬಡತನ ಇಳಿಸುವಲ್ಲಿ ಕೃಷಿಯ ಬೆಳವಣಿಗೆ ಬೇರೆ ವಲಯಗಳ ಬೆಳವಣಿಗೆಗಿಂತ ಕನಿಷ್ಠ ಎರಡು ಪಟ್ಟು ಪರಿಣಾಮಕಾರಿ ಎಂದು ವಿಶ್ವಬ್ಯಾಂಕಿನ 2008ರ ಅಭಿವೃದ್ಧಿ ವರದಿ ಅಂದಾಜು ಮಾಡಿತ್ತು. ಬಡವರು ಇರುವುದೇ ಅಲ್ಲಿ, ಹಾಗಾಗಿ ಅಚ್ಚರಿಯೇನಿಲ್ಲ. ವಿದೇಶಿ ವಿನಿಮಯ ತರುವುದು ನಾಲ್ಕನೆಯದು. ಕೃಷಿ ರಫ್ತು ಡಾಲರ್ ತರುತ್ತದೆ, ಆಹಾರ ಆಮದು ಅದನ್ನು ಒಯ್ಯುತ್ತದೆ, ಇಷ್ಟು ಹೇಳಿದರೆ ಸಾಕು.

ಈಗ ಎರಡನೆಯ ಬಗೆಯ ಇಳಿಕೆ, ಸೊರಗಿ ಇಳಿಯುವುದು. ನೈಜೀರಿಯಾದ ಕಾನೋ ನಗರದಲ್ಲಿ 1960ರ ದಶಕದವರೆಗೂ ಶೇಂಗಾ ಚೀಲಗಳನ್ನು ಗೋಪುರದ ಆಕಾರಕ್ಕೆ ಒಟ್ಟುತ್ತಿದ್ದರು. ಒಂದೊಂದು ಗೋಪುರದಲ್ಲೂ ಸಾವಿರಾರು ಚೀಲ. ರೈಲು ಬಂದು ಬಂದರಿಗೆ ಒಯ್ಯುವವರೆಗೆ ಅವು ಹಾಗೇ ನಿಂತಿರುತ್ತಿದ್ದವು, ದೇಶದ ಗುರುತಿನಂತೆ ಚಿತ್ರಗಳಲ್ಲಿ ಅಚ್ಚಾಗುತ್ತಿದ್ದವು. 1970ರ ದಶಕದಲ್ಲಿ ಕಚ್ಚಾತೈಲದ ಹಣ ಹರಿದು ಬಂತು. ತೈಲದ ಡಾಲರುಗಳಿಂದ ದೇಶದ ನಾಣ್ಯ ದುಬಾರಿಯಾಯಿತು, ಹೊರಗಿನ ಆಹಾರ ಅಗ್ಗವಾಯಿತು, ಶೇಂಗಾ, ತಾಳೆಎಣ್ಣೆ, ಕೋಕೋ ಬೆಳೆಯುವವನಿಗೆ ಬೆಲೆ ಗಿಟ್ಟಲಿಲ್ಲ. ಜೊತೆಗೆ ಬರ, ರೋಗ. ಗೋಪುರಗಳು ಕಾಣೆಯಾದವು. ಲೆಕ್ಕದಲ್ಲಿ ನೋಡಿದರೆ ಕೃಷಿಯ ಪಾಲು ಇಳಿದು ರಾಷ್ಟ್ರೀಯ ಆದಾಯ ಏರಿತ್ತು, ಪಠ್ಯದ ಪ್ರಕಾರ ಪ್ರಗತಿಯೇ. ತೈಲ ಬೆಲೆ ಕುಸಿದಾಗ ಹೊಲವೂ ಇರಲಿಲ್ಲ, ಹೊಲ ಬಿಟ್ಟವರಿಗೆ ಕಾರ್ಖಾನೆಯೂ ಇರಲಿಲ್ಲ.

ಶ್ರೀಲಂಕಾದ್ದು ತೀರಾ ಇತ್ತೀಚಿನದು. 2021ರಲ್ಲಿ ರಸಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದರು. ಸಾವಯವಕ್ಕೆ ಹೊರಳಬೇಕೆಂಬ ಆಶಯದ ಹಿಂದೆ ಡಾಲರ್ ಉಳಿಸುವ ಒತ್ತಡವೂ ಇತ್ತು. ಅಷ್ಟು ದೊಡ್ಡ ಪ್ರಮಾಣದ ಸಾವಯವ ಗೊಬ್ಬರ ಒಂದೇ ಹಂಗಾಮಿಗೆ ಎಲ್ಲಿಂದ ಬರಬೇಕು? ನವೆಂಬರ್ ಹೊತ್ತಿಗೆ ಹಿಂದೆ ಸರಿದರೂ ಭತ್ತದ ಇಳುವರಿ ಬಿದ್ದಾಗಿತ್ತು, ಡಾಲರ್ ತರುವ ಚಹಾಕ್ಕೂ ಪೆಟ್ಟು ಬಿದ್ದಿತ್ತು. ಉಳಿಸಲು ಹೊರಟ ಡಾಲರುಗಳನ್ನೇ ಅಕ್ಕಿ ಆಮದಿಗೆ ಕೊಡಬೇಕಾಯಿತು. 2022ರ ಆರ್ಥಿಕ ಕುಸಿತಕ್ಕೆ ಸಾಲ, ತೆರಿಗೆ ಕಡಿತ, ಪ್ರವಾಸೋದ್ಯಮದ ನಷ್ಟ ಎಲ್ಲವೂ ಕಾರಣ, ಗೊಬ್ಬರವೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಹೊಲದ ಪಂಚಾಂಗವನ್ನು ಕಡತದ ಪಂಚಾಂಗ ಬದಲಿಸಲಾರದು ಎಂಬುದನ್ನು ನೋಡಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹಾಗಾದರೆ ಒಂದು ದೇಶದ ಪಾಲು ಯಾವ ದಾರಿಯಲ್ಲಿ ಇಳಿದಿದೆ ಎಂದು ತಿಳಿಯುವುದು ಹೇಗೆ? ಆಗ ನೆನಪಿಡಿ ಎಂದ ಅಂತರವನ್ನು ಈಗ ತೆಗೆಯಿರಿ. ಆದಾಯದಲ್ಲಿ ಕೃಷಿಯ ಪಾಲನ್ನೂ ದುಡಿಯುವ ಕೈಗಳಲ್ಲಿ ಕೃಷಿಯ ಪಾಲನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಅಮೆರಿಕದಲ್ಲಿ ಎರಡೂ ಶೇ. 2ರ ಒಳಗೆ. 1900ರಲ್ಲಿ ಅಲ್ಲೂ ದುಡಿಯುವವರಲ್ಲಿ ಶೇ. 40ರಷ್ಟು ಜನ ಹೊಲದಲ್ಲಿದ್ದರು. ಭಾರತದಲ್ಲಿ ಆದಾಯದ ಪಾಲು ಸುಮಾರು ಶೇ. 18, ಕೈಗಳ ಪಾಲು ಶೇ. 45ರ ಆಸುಪಾಸು. ಇಥಿಯೋಪಿಯಾದಲ್ಲಿ ಆದಾಯದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಕೈಗಳಲ್ಲಿ ಮೂರನೇ ಎರಡು ಭಾಗದ ಹತ್ತಿರ. ಶೇ. 45ರಷ್ಟು ಜನ ಶೇ. 18ರಷ್ಟು ಆದಾಯವನ್ನು ಹಂಚಿಕೊಳ್ಳುತ್ತಾರೆಂದರೆ, ಹೊರಗೆ ದುಡಿಯುವವನ ಸರಾಸರಿ ಗಳಿಕೆ ಹೊಲದಲ್ಲಿ ದುಡಿಯುವವನ ಗಳಿಕೆಯ ಮೂರೂವರೆ ಪಟ್ಟಿಗೂ ಹೆಚ್ಚು. ನೀವೇ ಭಾಗಿಸಿ ನೋಡಿ. ಆದಾಯದ ಪಾಲು ಇಳಿದು ಕೈಗಳ ಪಾಲು ಇಳಿಯದಿದ್ದರೆ ಅದು ಬಡತನವನ್ನು ಹೊಲದೊಳಗೇ ಕೂಡಿಹಾಕಿದಂತೆ. ಬೆಳೆ ಕಡಿಮೆ ಮುಖ್ಯವಾಯಿತು ಎಂದು ಅದರಿಂದ ಹೇಳಲಾಗದು. ಹೊರಗೆ ಕೆಲಸ ಹುಟ್ಟಲಿಲ್ಲ ಎಂದಷ್ಟೇ ಹೇಳಬಹುದು.

ಸರ್ಕಾರದ ಹಣದ ಬಗ್ಗೆ ಕೇಳಿದ್ದೀರಿ. ಇಲ್ಲಿ ನಾನು ನಿಮ್ಮ ಅನುಮಾನದ ಜೊತೆ ಅರ್ಧ ನಿಲ್ಲುತ್ತೇನೆ. ಯುದ್ಧದ ಹಸಿವನ್ನು ಕಂಡಿದ್ದ ಯುರೋಪ್ 1962ರಲ್ಲಿ ಸಾಮಾನ್ಯ ಕೃಷಿ ನೀತಿ ತಂದು ರೈತರಿಗೆ ಖಾತ್ರಿ ಬೆಲೆ ಕೊಟ್ಟಿತು. ಎಷ್ಟು ಬೆಳೆದರೂ ಕೊಳ್ಳುತ್ತೇವೆ ಎಂದಮೇಲೆ ಬೆಳೆಯದಿರುತ್ತಾರೆಯೇ? 1980ರ ದಶಕದ ಹೊತ್ತಿಗೆ ಶೈತ್ಯಾಗಾರಗಳಲ್ಲಿ ಬೆಣ್ಣೆಯ ಬೆಟ್ಟಗಳೇ ಎದ್ದವು. ಯುರೋಪಿಯನ್ ಸಮುದಾಯದ ಬಜೆಟ್ಟಿನ ಮೂರನೇ ಎರಡು ಭಾಗ ಇದಕ್ಕೇ ಹೋಗುತ್ತಿತ್ತು. ದಾಸ್ತಾನನ್ನು ಹೊರದೇಶಗಳಿಗೆ ಅಗ್ಗಕ್ಕೆ ಸುರಿದಾಗ ಅಲ್ಲಿಯ ಬಡ ರೈತರು ಏಟು ತಿಂದರು. 1984ರಲ್ಲಿ ಹಾಲಿಗೆ ಮಿತಿ ಹಾಕಿದರು, 1992ರಿಂದ ಬೆಲೆಯ ಬದಲು ನೇರ ಪಾವತಿಯ ಕಡೆ ಹೊರಳಿದರು. ಬೆಲೆಯ ಮೂಲಕ ಕೊಡುವ ನೆರವು ಹೆಚ್ಚು ಬೆಳೆಯುವ ದೊಡ್ಡ ಹಿಡುವಳಿದಾರನಿಗೇ ಹೆಚ್ಚು ತಲುಪುತ್ತದೆ. ಇದನ್ನು ಬೆಂಬಲಿಸಲು ನನಗೆ ಮನಸ್ಸಿಲ್ಲ.

ಆದರೆ ಇನ್ನೊಂದು ಬಗೆಯ ಖರ್ಚಿದೆ, ಅದಕ್ಕೆ ಎಷ್ಟು ಕೊಟ್ಟರೂ ಕಡಿಮೆಯೇ. 1935ರಲ್ಲಿ ಜಪಾನಿನ ಇವಾತೆ ಪ್ರಾಂತ್ಯದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಗೊಂಜಿರೊ ಇನಾಜುಕಾ ಎಂಬ ತಳಿ ವಿಜ್ಞಾನಿ ನೋರಿನ್ 10 ಎಂಬ ಗಿಡ್ಡ ಗೋಧಿಯನ್ನು ಹೊರತಂದರು. ಎತ್ತರದ ಗೋಧಿಗೆ ಗೊಬ್ಬರ ಹೆಚ್ಚು ಹಾಕಿದರೆ ತೆನೆಯ ಭಾರಕ್ಕೆ ದಂಟು ಬಾಗಿ ನೆಲ ಹಿಡಿಯುತ್ತದೆ, ಗಿಡ್ಡ ಗೋಧಿ ನಿಲ್ಲುತ್ತದೆ. 1946ರಲ್ಲಿ ಸೆಸಿಲ್ ಸಾಲ್ಮನ್ ಆ ಬೀಜಗಳನ್ನು ಅಮೆರಿಕಕ್ಕೆ ಒಯ್ದರು. ವಾಷಿಂಗ್ಟನ್ ರಾಜ್ಯದಲ್ಲಿ ಆರ್ವಿಲ್ ವೋಗೆಲ್ ಅದನ್ನು ಅಲ್ಲಿಯ ತಳಿಗಳ ಜೊತೆ ಕೂಡಿಸಿದರು. ಅವರಿಂದ ಒಂದಿಷ್ಟು ಬೀಜ ಮೆಕ್ಸಿಕೋದಲ್ಲಿದ್ದ ನಾರ್ಮನ್ ಬೋರ್ಲಾಗ್ ಕೈಸೇರಿತು. ರೋಗ ತಡೆಯುವ, ಎಲ್ಲ ಹವೆಗೂ ಒಗ್ಗುವ ಗಿಡ್ಡ ಗೋಧಿ ಅಲ್ಲಿ ಹುಟ್ಟಿತು. 1966ರಲ್ಲಿ ಭಾರತ ಆ ಬೀಜವನ್ನು 18,000 ಟನ್ ತರಿಸಿತು. 1960ರ ದಶಕದ ನಡುವೆ 1.2 ಕೋಟಿ ಟನ್ ಇದ್ದ ಭಾರತದ ಗೋಧಿ ಬೆಳೆ 1970ರ ಹೊತ್ತಿಗೆ 2 ಕೋಟಿ ಟನ್ ಮುಟ್ಟಿತು. 35 ವರ್ಷ, ನಾಲ್ಕು ದೇಶ, ಒಂದು ಹಿಡಿ ಬೀಜ. ಗೋಧಿಯನ್ನು ಬಿತ್ತಿದವನು ಮರುವರ್ಷದ ಬೀಜವನ್ನು ತನ್ನ ಕಣದಲ್ಲೇ ಎತ್ತಿಟ್ಟುಕೊಳ್ಳಬಲ್ಲ. ಆದ್ದರಿಂದ ಇಂಥ ಕೆಲಸಕ್ಕೆ ಲಾಭ ನೋಡುವ ಖಾಸಗಿಯವರು ಅಷ್ಟು ವರ್ಷ ಹಣ ಹಾಕುವುದು ಕಷ್ಟ. ಸಾರ್ವಜನಿಕ ಹಣವೇ ಬೇಕು. ನೀರಾವರಿ, ರಸ್ತೆ, ಉಗ್ರಾಣ, ಹಳ್ಳಿಶಾಲೆಗಳೂ ಇದೇ ಜಾತಿಯವು. ದುಃಖದ ಸಂಗತಿಯೆಂದರೆ ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇವುಗಳಿಗೇ. ಸಬ್ಸಿಡಿ ಈ ವರ್ಷವೇ ಕೈಗೆ ಸಿಗುತ್ತದೆ, ತಳಿ 15 ವರ್ಷದ ಮೇಲೆ ಬರುತ್ತದೆ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮನುಷ್ಯ ನದಿ, ಕೆರೆ, ಅಂತರ್ಜಲದಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ. 70 ಕೃಷಿಗೆ ಹೋಗುತ್ತದೆ. ಅಂತರ್ಜಲ ಬಸಿದು ಬೆಳೆದ ಬೆಳೆಯನ್ನು ರಾಷ್ಟ್ರೀಯ ಆದಾಯ ಗಳಿಕೆ ಎಂದು ಬರೆದುಕೊಳ್ಳುತ್ತದೆ. ಇಳಿದ ನೀರಿನ ಮಟ್ಟವನ್ನು ಎಲ್ಲೂ ಕಳೆಯುವುದಿಲ್ಲ. ಠೇವಣಿ ಒಡೆದು ಉಂಡದ್ದನ್ನು ಸಂಬಳ ಎಂದು ಕರೆದಂತೆ ಇದು.

ಈಗ ನಿಮ್ಮ ಅಣ್ಣ. ಸೇಂಟ್ ಲೂಸಿಯಾ ದ್ವೀಪದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಒಂದು ವಾದ ಮಂಡಿಸಿದರು. ಬಡ ದೇಶಗಳ ಹೊಲಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನರಿದ್ದಾರೆ, ಇಬ್ಬರು ಮಾಡಬಹುದಾದ್ದನ್ನು ನಾಲ್ವರು ಹಂಚಿಕೊಂಡಿರುತ್ತಾರೆ, ಅವರಲ್ಲಿ ಕೆಲವರು ಕಾರ್ಖಾನೆಗೆ ಹೋದರೂ ಬೆಳೆ ಕಡಿಮೆಯಾಗದು ಎಂದರು. ಇದನ್ನೇ ನಿಮ್ಮ ಪಠ್ಯ ಪ್ರಚ್ಛನ್ನ ನಿರುದ್ಯೋಗ ಎನ್ನುತ್ತದೆ. ಅಮೆರಿಕದ ಥಿಯೋಡರ್ ಶುಲ್ಟ್ಜ್ ಇದನ್ನು ಒಪ್ಪಲಿಲ್ಲ. ರೈತ ಬಡವನಿರಬಹುದು, ಕೈಗಳನ್ನು ವ್ಯರ್ಥ ಮಾಡುವವನಲ್ಲ ಎನ್ನುವುದು ಅವರ ವಾದ. ಸಾಕ್ಷಿಗೆ ಅವರು 1918–19ರ ಇನ್‌ಫ್ಲುಯೆಂಜಾ ಪಿಡುಗನ್ನು ತೆಗೆದುಕೊಂಡರು. ಅಂದಿನ ಭಾರತದಲ್ಲಿ ಸಾವು ಹೆಚ್ಚಾದ ಪ್ರಾಂತ್ಯಗಳಲ್ಲಿ ಬಿತ್ತನೆಯ ವಿಸ್ತೀರ್ಣವೂ ಇಳಿದಿತ್ತು. ಹೆಚ್ಚುವರಿ ಆಳುಗಳಿದ್ದರೆ ಹೀಗಾಗುತ್ತಿರಲಿಲ್ಲವಲ್ಲ ಎಂದರು. ಅಮರ್ತ್ಯ ಸೇನ್ ಇದಕ್ಕೆ ಎದುರು ಹೇಳಿದರು: ಪಿಡುಗಿನಲ್ಲಿ ಮನೆಗೆ ಮನೆಯೇ ಖಾಲಿಯಾಗುತ್ತದೆ, ಆ ಹೊಲ ಬಿತ್ತುವವರಿಲ್ಲದೆ ಬೀಳು ಬೀಳುತ್ತದೆ. ಮನೆಯಲ್ಲಿ ಒಬ್ಬ ಹೊರಗೆ ದುಡಿಯಲು ಹೋದರೆ ಉಳಿದವರು ಅವನ ಕೆಲಸವನ್ನು ಹಂಚಿಕೊಳ್ಳುತ್ತಾರೆ, ಎರಡೂ ಒಂದಲ್ಲ. ಲೂಯಿಸ್ ಮತ್ತು ಶುಲ್ಟ್ಜ್ ಇಬ್ಬರಿಗೂ 1979ರ ನೊಬೆಲ್ ಬಹುಮಾನ ಒಟ್ಟಿಗೇ ಬಂತು, ವಾದ ಮಾತ್ರ ಮುಗಿಯಲಿಲ್ಲ.

ನಾನು ಕಂಡಂತೆ ಉತ್ತರ ಹಂಗಾಮಿನಲ್ಲಿದೆ. ಬೆಳೆ ನಿಂತಿರುವ ತಿಂಗಳುಗಳಲ್ಲಿ ಲೂಯಿಸ್ ಹೇಳಿದ್ದು ಸರಿ, ಬಿತ್ತನೆ ಮತ್ತು ಕೊಯ್ಲಿನ ವಾರಗಳಲ್ಲಿ ಶುಲ್ಟ್ಜ್ ಹೇಳಿದ್ದು ಸರಿ. ಹಾಗಾಗಿ ನಿಮ್ಮ ಅಣ್ಣ ಹೋದದ್ದು ದೇಶಕ್ಕೆ ಲಾಭವೋ ನಷ್ಟವೋ ಎಂದು ನಾನು ಇಲ್ಲಿ ಕುಳಿತು ಹೇಳುವುದಕ್ಕಿಂತ ನೀವೇ ಅಳೆಯಬಹುದು. ಈ ಸಲದ ಕೊಯ್ಲು ಮುಗಿದ ಮೇಲೆ ಮೂರು ಸಂಗತಿ ಬರೆದಿಡಿ. ಹೋದ ವರ್ಷಕ್ಕೆ ಹೋಲಿಸಿದರೆ ಅದೇ ಹೊಲದಲ್ಲಿ ಎಷ್ಟು ಬೆಳೆ ಬಂತು, ಮಳೆಯ ವ್ಯತ್ಯಾಸವನ್ನೂ ಪಕ್ಕದಲ್ಲಿ ನಮೂದಿಸಿ. ಅಣ್ಣ ಕಳಿಸಿದ ಹಣದಲ್ಲಿ ಎಷ್ಟು ಹೊಲಕ್ಕೆ ಹೋಯಿತು, ಬೀಜಕ್ಕೋ, ಪಂಪಿಗೋ, ಬಾಡಿಗೆ ಯಂತ್ರಕ್ಕೋ. ಮೂರನೆಯದನ್ನು ಅಮ್ಮನನ್ನೂ ಅತ್ತಿಗೆಯನ್ನೂ ಕೇಳಿ ಬರೆಯಿರಿ: ಅಣ್ಣನಿದ್ದಾಗ ಅವರು ಹೊಲದಲ್ಲಿ ದಿನಕ್ಕೆ ಎಷ್ಟು ಗಂಟೆ ಇರುತ್ತಿದ್ದರು, ಈಗ ಎಷ್ಟು ಗಂಟೆ ಇರುತ್ತಾರೆ? ಬೆಳೆ ಅಷ್ಟೇ ಬಂದಿದ್ದರೆ ಲೂಯಿಸ್ ಗೆದ್ದರು ಎಂದು ಬರೆಯುವ ಮೊದಲು ಈ ಮೂರನೆಯ ಅಂಕಿಯನ್ನು ನೋಡಿ. ರಾಷ್ಟ್ರೀಯ ಆದಾಯದ ಯಾವ ಕೋಷ್ಟಕದಲ್ಲೂ ಅದಕ್ಕೆ ಒಂದು ಸಾಲಿಲ್ಲ. ಬರೆದದ್ದನ್ನು ನನಗೂ ಕಳಿಸಿ.